ಒಳಮಗ್ಗುಲಿನ ಹೆಸರುಗಳು

ಗುಂಡುಸೂಜಿಯ ವೆಬ್‌ಸೈಟು ಲೋಕಕ್ಕೆ ಬಂದ ಭಾನುವಾರ, ಓದುವ ಕೋಣೆಯಲ್ಲಿ ಹೆಂಗಸರೆಲ್ಲ ಒಟ್ಟಿಗೆ ಹೊಡೆದ ಚಪ್ಪಾಳೆಗೆ, ಕೆಳಗಿನ ಸೈಕಲ್ ಅಂಗಡಿಯವನು ಯಾವುದೋ ಟ್ಯೂಬು ಸಿಡಿಯಿತೆಂದು ತನ್ನ ಸೈಕಲುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದನಂತೆ.

"ಬಂತಾ? ಎಲ್ಲರಿಗೂ ಕಾಣುತ್ತಾ? ನನಗ್ಯಾಕೆ ಕಾಣ್ತಿಲ್ಲ?" ಅತ್ತಿಗೆ ಮೊಬೈಲನ್ನು ಮೂಗಿಗೆ ಒತ್ತಿಕೊಂಡು ಕೇಳಿದಳು.

"ಒಂಚೂರು ದೂರ ಹಿಡೀರಿ ಅತ್ತಿಗೆ, ಆಮೇಲೆ ಕಾಣುತ್ತೆ."

"ಕಾಣ್ತು ಕಣೇ! ಅಯ್ಯೋ, ನಮ್ಮ ಕೋಟು! ಇಷ್ಟು ದಿನ ನಮ್ಮ ಬೆನ್ನ ಮೇಲೆ ಇದ್ದಿದ್ದು ಈಗ ಲೋಕದ ಕಣ್ಣ ಮುಂದೆ ನಿಂತಿದೆಯಲ್ಲೇ!"

ಗುಂಡುಸೂಜಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸಿದ್ಧ ಉಡುಪಿನ ಫ್ಯಾಕ್ಟರಿಯೊಂದರಲ್ಲಿ ಅವಳು ಸ್ಯಾಂಪಲ್ ಟೈಲರ್. ಸಾವಿರಗಟ್ಟಲೆ ಹೊಲಿಯುವ ಮುನ್ನ ಮಾದರಿಗೊಂದು ಹೊಲಿದು ತೋರಿಸುವವಳು. ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಸೂಜಿ ಉಗುಳಿದ ಮೇಲೂ ಮಾತು ಚುಚ್ಚುತ್ತಿತ್ತಾದ್ದರಿಂದ ಹೊಲಿಗೆ ಲೈನಿನ ಹೆಂಗಸರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಅತ್ತಿಗೆ ಅವಳ ಅಣ್ಣನ ಹೆಂಡತಿ, ಅದೇ ಲೈನಿನಲ್ಲಿ ಕಾಲರ್ ಕೂಡಿಸುವವಳು. ಒಲೆ ಒಂದೇ, ಲೈನು ಒಂದೇ; ಜಗಳ ಮಾತ್ರ ಎರಡು ಕಡೆ ಹಂಚಿಕೆ.

ಕೋಟಿನ ಕತೆ ಹೀಗಿದೆ. ಫ್ಯಾಕ್ಟರಿಯವರು ಆಳುಗಳಿಗೆ ಕೊಡುತ್ತಿದ್ದ ನೀಲಿ ಮೇಲುಕೋಟಿನಲ್ಲಿ ಕಂಕುಳ ಹತ್ತಿರ ಬಿಗಿ ಮಾಡಿ ಬಟ್ಟೆ ಉಳಿಸಿದ್ದರು. ಉಳಿಸಿದ್ದು ಯಾರಿಗೆ ಎಂದು ಕೇಳಬೇಡಿ. ಕೈ ಮೇಲೆತ್ತಿದರೆ ಇಡೀ ಕೋಟೇ ಮೇಲೇರುತ್ತಿತ್ತು, ಸಂಜೆಯ ಹೊತ್ತಿಗೆ ಭುಜ ಯಾರದೋ ಆಗಿರುತ್ತಿತ್ತು. ಮನುಷ್ಯನಿಗೆ ಕೈ ಎತ್ತುವ ಅಗತ್ಯವೇ ಬಾರದೆಂದು ಲೆಕ್ಕ ಹಾಕಿದವರ ಕಟಿಂಗ್ ಅದು. ಗುಂಡುಸೂಜಿ ಮನೆಯಲ್ಲಿ ಹಳೆಯ ಪೇಪರು ಹರಡಿಕೊಂಡು ಬಟ್ಟೆ ಕತ್ತರಿಸಲು ಹೊಸ ಪ್ಯಾಟರ್ನ್ ತೆಗೆದಳು: ಕಂಕುಳಲ್ಲಿ ಪುಟ್ಟ ಗಾಳಿಪಟದಂಥ ಒಂದು ತುಂಡು, ತೋಳಿಗೆ ಒಂದಿಷ್ಟು ಉದಾರತೆ. ನೀಲಿ ಬಣ್ಣ ಇದ್ದರೆ ಸಾಕು, ಮನೆಯಲ್ಲಿ ಹೊಲಿದ ಕೋಟೂ ನಡೆಯುತ್ತದೆ ಎಂದು ಫ್ಯಾಕ್ಟರಿಯವರು ಒಪ್ಪಿದ್ದರು. ಲೈನಿನವರೆಲ್ಲ ಬೇಕೆಂದರು. ಮತ್ತೆ ಪಕ್ಕದ ಲೈನಿನವರು. ಮತ್ತೆ ಯಾರದೋ ಅಕ್ಕ, ಆಸ್ಪತ್ರೆ ಗುಡಿಸುವವಳು.

ಫ್ಯಾಕ್ಟರಿಯ ಕಟಿಂಗ್ ಮಾಸ್ಟರ್ ಇದನ್ನು ಕೇಳಿ ನಕ್ಕಿದ್ದ. ಅವನ ಪ್ಯಾಟರ್ನುಗಳೆಲ್ಲ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ಅವನ ಸೊಂಟದಲ್ಲಿ. "ಹೊಲಿಯೋ ಕೈ ಬೇರೆ, ಕತ್ತರಿಸೋ ಕೈ ಬೇರೆ ಕಣಮ್ಮ. ವಿದ್ಯೆ ಅಂದ್ರೆ ರಸ್ತೇಲಿ ಹಂಚೋ ಪುರಿಯಲ್ಲ," ಎಂದಿದ್ದ. ಆ ಮಾತು ಗುಂಡುಸೂಜಿಗೆ ಎಷ್ಟು ಹತ್ತಿತೆಂದರೆ, ಹಂಚಿಯೇ ತೋರಿಸುತ್ತೇನೆಂದು ಅವತ್ತೇ ಹಲ್ಲು ಕಚ್ಚಿದಳು.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆ ಫ್ಯಾಕ್ಟರಿ ಹೆಂಗಸರ ಸಂಘದ್ದು. ಭಾನುವಾರ ಬೆಳಿಗ್ಗೆ ಹೆಂಗಸರು ಅಲ್ಲಿ ಸೇರಿ ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತ ಗಟ್ಟಿಯಾಗಿ ಓದುತ್ತಿದ್ದರು. ಮೂಲೆಯಲ್ಲಿ ಯಾರೋ ಬಿಸಾಡಿದ, ಯಾರೋ ಎತ್ತಿ ತಂದ ಒಂದು ಕಂಪ್ಯೂಟರು. ಅದರ ಮುಂದೆ ಕುಳಿತು ಗುಂಡುಸೂಜಿ ಎಷ್ಟೋ ಭಾನುವಾರಗಳನ್ನು ಸವೆಸಿದಳು. ಬೇಕಾದದ್ದೆಲ್ಲ ಅಲ್ಲಿ ಬಾಗಿಲು ತೆರೆದುಕೊಂಡೇ ಕೂತಿತ್ತು! ಕಂಪ್ಯೂಟರಿಗೆ ಜೀವ ಕೊಡುವ ತಂತ್ರಾಂಶ, ಬಾಗಿದ ಗೆರೆಯನ್ನು ಕತ್ತರಿಯಷ್ಟೇ ನಾಜೂಕಾಗಿ ಎಳೆಯುವ ತಂತ್ರಾಂಶ, ಸಾದಾ ಬರಹವನ್ನು ವೆಬ್ ಪುಟವಾಗಿಸುವ ತಂತ್ರಾಂಶ, ಅದರ ಮೇಲೆ ಕೂರಲು ದುಂಡಗಿನ ಕನ್ನಡ ಅಕ್ಷರಗಳು. ಇವೆಲ್ಲಕ್ಕಿಂತ ಅವಳನ್ನು ಕುಣಿಸಿದ್ದು ಇನ್ನೊಂದು: ಕೋಟಿನಷ್ಟು ದೊಡ್ಡ ಚಿತ್ರ ಕೊಟ್ಟರೆ ಅದನ್ನು ಜೆರಾಕ್ಸ್ ಅಂಗಡಿಯ ಸಾಧಾರಣ ಹಾಳೆಗಳಿಗೆ ಹೊಂದುವಂತೆ ತುಂಡು ಮಾಡಿ ಕೊಡುವ ಒಂದು ಪುಟ್ಟ ತಂತ್ರಾಂಶ. ಹಾಳೆಗಳನ್ನು ಅಂಟಿಸಿದರಾಯಿತು, ಪ್ಯಾಟರ್ನ್ ತಯಾರು. ದೊಡ್ಡ ಯಂತ್ರ ಬೇಡ, ಮಾಸ್ಟರನ ಬೀರು ಬೇಡ.

ಇದನ್ನೆಲ್ಲ ಮಾಡಿದವರು ಯಾರು? ಒಬ್ಬೊಬ್ಬರ ಬಗ್ಗೆ ಓದುತ್ತ ಹೋದಂತೆ ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಯಾವುದೋ ಊರಿನ ಯಾರೋ, ತಮ್ಮ ದುಡಿಮೆ ಮುಗಿಸಿ ಬಂದು, ಬೇಯಿಸಿದ್ದನ್ನು ಎಲ್ಲರ ಮುಂದೆ ಇಟ್ಟು, ಬೇಯಿಸಿದ ಬಗೆಯನ್ನೂ ಬರೆದಿಟ್ಟು, ತಿದ್ದಬೇಕಿದ್ದರೆ ತಿದ್ದಿಕೊಳ್ಳಿ ಎಂದು ಹೇಳಿ ಹೋಗಿದ್ದರು.

"ನಿಜವಾಗ್ಲೂ ಪುಕ್ಕಟೆನಾ?" ಅತ್ತಿಗೆ ನಂಬಿರಲಿಲ್ಲ. "ಆಮೇಲೆ ಏನಾದ್ರೂ ಕೇಳ್ತಾರೆ ನೋಡ್ತಿರು. ನಮ್ಮ ಮದುವೇಲೂ ನಿಮ್ಮಣ್ಣ ಏನೂ ಬೇಡ ಅಂದಿದ್ರು. ಈಗ ನೋಡು, ದಿನಾ ಬಿಸಿನೀರು."

"ಏನೂ ಕೇಳಲ್ಲ ಅತ್ತಿಗೆ."

"ಕಾನೂನಿಗಾದ್ರೂ ಏನಾದ್ರೂ ಕೊಡಬೇಕೋ ಏನೋ."

"ಕಾನೂನು ಕೇಳಿದ್ರೆ ದುಡ್ಡು ಬಿಸಾಕಿ ಸುಮ್ಮನಾಗ್ತಿದ್ದೆ. ಏನೂ ಕೇಳದೆ ಇರೋದಕ್ಕೇ ನನಗೆ ನಿದ್ದೆ ಬರ್ತಿಲ್ಲ."

ಹಾಗಾಗಿ ಸೈಟಿನಲ್ಲಿ ಕೋಟಿನ ಪುಟದ ಹಿಂದೆ ಇನ್ನೊಂದು ಪುಟ ಮಾಡಿದಳು. ಅದಕ್ಕೆ 'ಒಳಮಗ್ಗುಲು' ಎಂದು ಹೆಸರಿಟ್ಟಳು. ಯಾವ ಉಡುಪನ್ನಾದರೂ ತಿರುವಿ ಹಾಕಿ ನೋಡಿ, ಅದನ್ನು ಹಿಡಿದು ನಿಲ್ಲಿಸಿದ ದಾರಗಳೆಲ್ಲ ಅಲ್ಲಿರುತ್ತವೆ. ಅವಳು ಬರೆದದ್ದು ಹೀಗಿತ್ತು:

"ಈ ಪುಟವನ್ನು ಹೊಲಿದವಳು ನಾನೊಬ್ಬಳೇ ಅಲ್ಲ. ಕೆಳಗಿರುವ ಹೆಸರಿನವರು ದಾರ ಕೊಟ್ಟರು, ಸೂಜಿ ಕೊಟ್ಟರು, ಕತ್ತರಿ ಕೊಟ್ಟರು. ನೀನು ಎಷ್ಟು ಓದಿದ್ದೀಯ ಎಂದು ಕೇಳಲಿಲ್ಲ. ನಿನ್ನ ಗಂಡ ಏನು ಮಾಡುತ್ತಾನೆ ಎಂದು ಕೇಳಲಿಲ್ಲ. ಕೈ ತೊಳೆದುಕೊಂಡು ಮುಟ್ಟು ಎನ್ನಲಿಲ್ಲ. ಬೀಗ ಹಾಕುವವರ ಲೋಕದಲ್ಲಿ ಬಾಗಿಲು ತೆರೆದಿಟ್ಟವರು ಇವರು. ಇವರಿಗೆ ನನ್ನ ಎರಡೂ ಕೈ ಎತ್ತಿ ನಮಸ್ಕಾರ. ಕೋಟು ಸರಿಯಾಗಿರುವುದರಿಂದ ಕೈ ಪೂರ್ತಿ ಮೇಲೇಳುತ್ತದೆ."

ಅದರ ಕೆಳಗೆ ಅವರವರ ಹೆಸರು, ಅವರು ಕೊಟ್ಟ ಸಲಕರಣೆ, ಇಮೇಲ್ ವಿಳಾಸ. ಯಾರಿಗಾದರೂ ಎರಡು ಒಳ್ಳೆಯ ಮಾತು ಬರೆಯಬೇಕೆನಿಸಿದರೆ ಇರಲಿ ಎಂದು ವಿಳಾಸ ಹಾಕಿದಳು. ಯಡವಟ್ಟಾದದ್ದು ಅಲ್ಲಿಯೇ.

ಮೊದಲ ವಾರ ಹಬ್ಬ. ಜೆರಾಕ್ಸ್ ಅಂಗಡಿಯವನು "ಏನ್ರಮ್ಮಾ, ಊರಿಗೂರೇ ಕೋಟು ಹೊಲಿಸ್ತಿದೆಯಾ?" ಎಂದು ಕೇಳಿದ. ಗುರುತೇ ಇಲ್ಲದ ಊರುಗಳಿಂದ ಹೆಂಗಸರು ಪ್ಯಾಟರ್ನ್ ಇಳಿಸಿಕೊಂಡರು. ಗುಂಡುಸೂಜಿ ಊಟದ ಬಿಡುವಿನಲ್ಲಿ ಮೊಬೈಲು ನೋಡಿ ನೋಡಿ ನಗುತ್ತಿದ್ದಳು. ಸೂಪರ್‌ವೈಸರು ಇವಳಿಗೆ ಯಾರೋ ಗಂಟುಬಿದ್ದಿರಬೇಕೆಂದು ತಿಳಿದ.

ಎರಡನೆಯ ವಾರ ಕಾಜಾ ಅಕ್ಕ ಬಂದಳು. ಗುಂಡಿ ತೂರುವ ಕಾಜಾ ಹೊಲಿಯುವುದರಲ್ಲಿ ತಲೆ ನರೆಸಿಕೊಂಡ ಹಿರಿಯಳು ಅವಳು. ಹೊಸ ನೀಲಿ ಕೋಟು ಹಾಕಿಕೊಂಡಿದ್ದಳು. ತೋಳು ಮಣಿಕಟ್ಟಿಗಿಂತ ಸಾಕಷ್ಟು ಮೇಲೇ ನಿಂತಿತ್ತು, ಕಂಕುಳು ಬಿಗಿದು ಹಗ್ಗವಾಗಿತ್ತು.

"ನೋಡೇ, ಹೆಂಗಿದೀನಿ? ನನ್ನ ಮೊಮ್ಮಗನ ಕೋಟು ಕದ್ದು ಹಾಕ್ಕೊಂಡಂಗಿದೀನಿ ಅಲ್ವಾ?"

ಗುಂಡುಸೂಜಿ ತೋಳಿನ ತುದಿ ಹಿಡಿದು ಎಳೆದು ನೋಡಿದಳು. "ಅಕ್ಕ, ಇದು ಹೇಗಾಯ್ತು? ನಾನೂ ಸೈಟಿನ ಹಾಳೆಯಿಂದಲೇ ಹೊಲಿದಿದ್ದು, ಸರಿಯಾಗೇ ಬಂತಲ್ಲ!"

"ನನ್ನದೊಂದೇ ಅಲ್ಲ, ಎಲ್ಲರದ್ದೂ ಹೀಗೇ. ನೀನೇನೂ ತಲೆ ಕೆಡಿಸ್ಕೋಬೇಡ ತಾಯಿ. ನಿನ್ನನ್ನ ಯಾಕೆ ಅನ್ನೋದು? ತಪ್ಪು ಯಾರದು ಅಂತ ನೀನೇ ಒಳಮಗ್ಗುಲಲ್ಲಿ ಹೆಸರು ಬರೆದು ಕೊಟ್ಟಿದ್ದೀಯಲ್ಲ! ನಾವೆಲ್ಲ ಸೇರಿ ನೇರವಾಗಿ ಅವರಿಗೇ ಬರೆದ್ವಿ, ಫೋಟೊ ಸಮೇತ. ಚೆನ್ನಾಗಿ ಉಗಿದಿದ್ದೀವಿ."

"ಯಾರಿಗೆ?!"

"ಎಲ್ಲರಿಗೂ!"

ಇದು ಬೇರೆ ಯಾರೂ ಮಾಡಲಾರದ ತಪ್ಪು, ಆ ಲೈನಿನವರೇ ಮಾಡಬೇಕು. ಅಲ್ಲಿ ಪ್ರತಿಯೊಬ್ಬಳೂ ತಾನು ಹೊಲಿದ ತುಂಡಿನ ಒಳಮಗ್ಗುಲಲ್ಲಿ ತನ್ನದೇ ಬಣ್ಣದ ದಾರದಿಂದ ಒಂದು ಗಂಟು ಹಾಕಬೇಕು. ಅಂಗಿ ವಾಪಸ್ ಬಂದರೆ ಚೆಕ್ಕಿಂಗಿನವರು ತಿರುವಿ ಹಾಕಿ, ಯಾವ ಬಣ್ಣ ನೋಡಿ, ಅವಳನ್ನು ಕರೆಸಿ ನಿಲ್ಲಿಸಿ ಬೈಯುತ್ತಾರೆ. ಚೆನ್ನಾಗಿ ಹೊಲಿದಿದ್ದೀಯ ಎನ್ನಲು ಇವತ್ತಿನವರೆಗೆ ಯಾವ ಮಹಾನುಭಾವನೂ ಒಂದು ಅಂಗಿಯನ್ನು ತಿರುವಿದ್ದಿಲ್ಲ. ಒಳಮಗ್ಗುಲಲ್ಲಿ ಹೆಸರಿದೆ ಎಂದರೆ ಬೈಸಿಕೊಳ್ಳಬೇಕಾದವರ ಹೆಸರು. ವರ್ಷಾನುಗಟ್ಟಲೆ ಬೆನ್ನ ಮೇಲೆ ಬಿದ್ದ ಪಾಠ ಅದು. ಗುಂಡುಸೂಜಿ ಕೈಮುಗಿದು ಬರೆದ ಪುಟವನ್ನು ಹೆಂಗಸರು ಆ ಪಾಠದಂತೆಯೇ ಓದಿದ್ದರು.

"ಅಯ್ಯೋ ಅಕ್ಕ, ಅದು ಧನ್ಯವಾದದ ಪುಟ!"

"ಧನ್ಯವಾದನಾ?" ಕಾಜಾ ಅಕ್ಕ ಬಾಯಿ ಬಿಟ್ಟಳು. "ಒಳಗಡೆ?"

ಮೊದಲ ಉತ್ತರ ದುಂಡಗಿನ ಅಕ್ಷರ ಮಾಡಿಕೊಟ್ಟವರಿಂದ ಬಂತು, ಕನ್ನಡದಲ್ಲೇ. "ನಿಮ್ಮ ತೋಳಿನ ವಿಷಯ ತಿಳಿದು ಬೇಸರವಾಯಿತು. ನಾವು ಗಂಡ ಹೆಂಡತಿ ಸೇರಿ ಅಕ್ಷರ ಬರೆಯುವವರು, ತೋಳಿನ ಬಗ್ಗೆ ಏನೂ ಅರಿಯೆವು. ಆದರೂ ನಮ್ಮ ಅಕ್ಷರದಲ್ಲಿ ಇಷ್ಟು ಸೊಗಸಾಗಿ ಬೈದವರು ನೀವೇ ಮೊದಲು. ಬೈಗುಳ ಓದಲು ಅಕ್ಷರ ತೊಡಕಾಗಲಿಲ್ಲ ತಾನೇ?" ಅತ್ತಿಗೆ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಂಡುಸೂಜಿಗೆ ನಗು ಬರಲಿಲ್ಲ. ಅವಳ ಕಣ್ಣು ಇನ್ನೊಬ್ಬನ ಮೇಲೆ, ಹಾಳೆ ತುಂಡು ಮಾಡುವ ತಂತ್ರಾಂಶದವನ ಮೇಲೆ.

ಅವನು ತನ್ನ ಸೈಟಿನ ಸೂಚನಾ ಹಲಗೆಯ ಮೇಲೆ, ಎಲ್ಲರೂ ಓದುವಂತೆ, ಹೀಗೆ ಬರೆದಿದ್ದ. ಸಂಘದ ಕಂಪ್ಯೂಟರು ಅದನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿತು:

"ಕೆಲವು ದಿನಗಳಿಂದ ನನಗೆ ಓದಲು ಬಾರದ ಲಿಪಿಯಲ್ಲಿ ಪತ್ರಗಳು ಬರುತ್ತಿವೆ, ಜೊತೆಗೆ ತೋಳುಗಳ ಫೋಟೊಗಳು. ಅನುವಾದ ಮಾಡಿಸಿದೆ. ಒಬ್ಬರು ನನ್ನ ಕತ್ತರಿಗೆ ತುಕ್ಕು ಹಿಡಿಯಲಿ ಎಂದಿದ್ದಾರೆ. ನನ್ನ ಬಳಿ ಕತ್ತರಿ ಇಲ್ಲ. ನಾನು ಬಸ್ ಓಡಿಸುವವನು. ನಮ್ಮ ಡಿಪೋದ ಗೋಡೆಗೆ ದಾರಿಗಳ ನಕ್ಷೆ ಅಂಟಿಸಲೆಂದು ಇದನ್ನು ಮಾಡಿದೆ, ಬೇರೆಯವರಿಗೂ ಆಗಲಿ ಎಂದು ತೆರೆದಿಟ್ಟೆ. ದಿನವೆಲ್ಲ ಬಸ್ಸಿನಲ್ಲಿ ಬೈಸಿಕೊಂಡು ಬಂದವನು ಮನೆಯಲ್ಲೂ ಬೈಸಿಕೊಳ್ಳಲಾರೆ. ಏನು ಕೆಟ್ಟಿದೆ ಎಂದು ಯಾರಾದರೂ ಸರಿಯಾಗಿ ಹೇಳಿದರೆ ತಿದ್ದುತ್ತೇನೆ. ಇಲ್ಲವಾದರೆ ಮುಂದಿನ ವಾರ ಇದನ್ನು ಮುಚ್ಚುತ್ತೇನೆ."

ಗುಂಡುಸೂಜಿ ಕುರ್ಚಿಗೆ ಒರಗಿದಳು. ಅವಳ ಸೈಟಿನಲ್ಲಿ 'ಪ್ರಿಂಟ್' ಎಂಬಲ್ಲಿ ಒತ್ತಿದರೆ ಚಿತ್ರ ಅವನ ಸೈಟಿಗೆ ಹೋಗಿ ಹಾಳೆಗಳಾಗಿ ಬರುತ್ತಿತ್ತು. ಅವನು ಮುಚ್ಚಿದರೆ ಇವಳ ಕೋಟು ಪರದೆಯ ಮೇಲಿನ ಚಿತ್ರವಷ್ಟೇ. ತಂತ್ರಾಂಶದ ಕೋಡ್ ತೆರೆದೇ ಇತ್ತು, ಆದರೆ ಎತ್ತಿಕೊಂಡು ನಡೆಸಬಲ್ಲವರು ಆ ಕೋಣೆಯಲ್ಲಿರಲಿಲ್ಲ. ಆದರೆ ಅದಕ್ಕಿಂತ ಅವಳನ್ನು ಕೊರೆದದ್ದು ಬೇರೆ. ಅವನು ಮಾಲೀಕನಲ್ಲ, ಮಾಸ್ಟರಲ್ಲ, ತಮ್ಮಂತೆಯೇ ದಿನವಿಡೀ ಬೈಸಿಕೊಳ್ಳುವ ಇನ್ನೊಬ್ಬ. ಕೈಮುಗಿಯಲು ಹೋಗಿ ಅವನ ಕೆನ್ನೆಗೆ ಹೊಡೆಸಿದಂತಾಗಿತ್ತು.

ಇತ್ತ ಮಾಸ್ಟರನಿಗೆ ಸುಗ್ಗಿ. ಯಾರೋ ಸಿಟ್ಟಿನಿಂದ ಬಿಸಾಡಿದ ಗಿಡ್ಡ ತೋಳಿನ ಕೋಟೊಂದನ್ನು ಕಟಿಂಗ್ ಕೋಣೆಯ ಬಾಗಿಲಿಗೆ ನೇತುಹಾಕಿದ.

"ಪುಕ್ಕಟೆ ಸಿಕ್ಕಿದ್ದು ಅಂದ್ಮೇಲೆ ಅರ್ಧ ತೋಳು ಬಂದ್ರೂ ಲಾಭವೇ ಅಲ್ವೇನಮ್ಮ?"

"ಬಾಗಿಲಿಗೆ ಕೋಟು ಹಾಕಿದ್ದೀರಲ್ಲ ಮಾಸ್ಟ್ರೇ, ಬೀರುಗೆ ಚಳಿಯಾಗಲ್ವಾ? ಅದಕ್ಕೂ ಒಂದು ಹಾಕಿ," ಎಂದಳು ಗುಂಡುಸೂಜಿ. ಮಾತಿಗೇನೋ ಮೊನೆಯಿತ್ತು. ಆದರೆ ಪಕ್ಕದ ಲೈನಿನ ಇಬ್ಬರು ಅವಳ ಕಣ್ಣು ತಪ್ಪಿಸಿ ಮಾಸ್ಟರನ ಹತ್ತಿರ ಹೋಗಿ ಹಳೆಯ ಪ್ಯಾಟರ್ನನ್ನೇ ಕೇಳಿದ್ದನ್ನು ಅವಳು ಕಂಡಿದ್ದಳು. ತಮ್ಮ ಕೈಯಾರೆ ಕೊಂಡ ಬಟ್ಟೆ ಹಾಳಾದರೆ ಯಾರು ತಾನೇ ಎರಡನೇ ಸಲ ನಂಬುತ್ತಾರೆ? ಈ ಭಾನುವಾರ ತಪ್ಪು ಸಿಗದಿದ್ದರೆ ಪುಟವೂ ಹೋಗುತ್ತದೆ, ಅದರ ಹಿಂದಿನ ನಂಬಿಕೆಯೂ ಹೋಗುತ್ತದೆ, ಕೀಲಿಯವನೇ ಗೆಲ್ಲುತ್ತಾನೆ.

ಆ ಭಾನುವಾರ ಪುಸ್ತಕ ಕಪಾಟಿನಲ್ಲೇ ಉಳಿಯಿತು. ಹೆಂಗಸರು ಕುರ್ಚಿಗಳನ್ನು ಗೋಡೆಗೆ ಒತ್ತಿ, ನೆಲದ ಮೇಲೆ ತಮ್ಮ ತಮ್ಮ ಅಂಟಿಸಿದ ಪ್ಯಾಟರ್ನುಗಳನ್ನು ಹಾಸಿದರು. ಗುಂಡುಸೂಜಿ ತನ್ನದನ್ನೂ ಪಕ್ಕದಲ್ಲಿ ಹಾಸಿದಳು. ಅವಳದು ದೊಡ್ಡದು, ಉಳಿದವು ಚಿಕ್ಕವು. ಕಣ್ಣಿಗೇ ಕಾಣುತ್ತಿತ್ತು.

"ಒಂದೇ ಸೈಟು, ಒಂದೇ ಅಳತೆ, ಅದೇ ಜೆರಾಕ್ಸ್ ಅಂಗಡಿ. ಇದೇನು ಮಾಟವೇನೇ?" ಎಂದಳು ಅತ್ತಿಗೆ.

ಟೇಪು ಹಿಡಿದು ಎಲ್ಲರೂ ಮಂಡಿಯೂರಿದರು. ಒಂದೊಂದು ಹಾಳೆಯನ್ನು ಬಿಡಿಬಿಡಿಯಾಗಿ ಅಳೆದರು. ಗುಂಡುಸೂಜಿ ತನ್ನ ಹಾಳೆಯೊಂದರ ಪಕ್ಕಕ್ಕೆ ಕಾಜಾ ಅಕ್ಕನದನ್ನು ಹಿಡಿದಳು. ಹಿಡಿದವಳು ಹಾಗೇ ನಿಂತಳು.

"ಅಕ್ಕ, ನಿಮ್ಮ ಹಾಳೆಯ ಸುತ್ತ ಬಿಳೀ ಅಂಚು ಇತ್ತಲ್ಲ, ಎಲ್ಲಿ ಅದು?"

"ಯಾವ ಅಂಚು? ಓ, ಅದಾ! ಕತ್ತರಿಸಿ ಬಿಸಾಕ್ದೆ. ಅಂಚಿನ ದಾರ ಬಿಟ್ಟು ಹೊಲಿಯೋಕೆ ನಾವೇನು ನಿನ್ನೆ ಮೊನ್ನೆ ಬಂದವರಾ? ನೀಟಾಗಿ ಕತ್ತರಿಸಿ ಗೆರೆಗೆ ಗೆರೆ ಕೂಡಿಸಿದ್ದೀನಿ, ನೋಡು."

"ನಾನೂ ಕತ್ತರಿಸ್ದೆ."

"ನಾನೂ!"

"ಗೆರೆ ಒಂಚೂರು ತಪ್ಪಿತ್ತು, ಕೈಯಲ್ಲೇ ದುಂಡು ಮಾಡ್ಕೊಂಡೆ."

ಎಲ್ಲರೂ ಅದನ್ನೇ ಮಾಡಿದ್ದರು. ಗುಂಡುಸೂಜಿ ಮಾತ್ರ ಅಂಚನ್ನು ಕತ್ತರಿಸದೆ ಹಾಳೆಗೆ ಹಾಳೆ ಅಂಟಿಸಿ, ನಡುವಿನ ಬಿಳೀ ಸಂದಿಯನ್ನು ಪೆನ್ನಿನಿಂದ ದಾಟಿಸಿದ್ದಳು. ಈಗ ಎಲ್ಲವೂ ಹೊಳೆಯಿತು. ತಂತ್ರಾಂಶ ಚಿತ್ರವನ್ನು ಹಾಳೆಯ ತುದಿಯವರೆಗೂ ತುಂಬಿ ತುಂಡು ಮಾಡುತ್ತಿತ್ತು. ಅಂಗಡಿಯ ಯಂತ್ರಕ್ಕೆ ತುದಿಯವರೆಗೆ ಅಚ್ಚು ಹಾಕಲು ಬರುವುದಿಲ್ಲ, ಸುತ್ತ ಒಂದಿಷ್ಟು ಬಿಳಿ ಉಳಿಸುತ್ತದೆ. ಆ ಬಿಳಿ ಕೂಡ ಕೋಟಿನದೇ ಜಾಗ. ಅಚ್ಚುಕಟ್ಟಿನ ಹೆಂಗಸರು ಅದನ್ನು ಕಸವೆಂದು ಕತ್ತರಿಸಿದ್ದರು. ಪ್ರತಿ ಜೋಡಣೆಯಲ್ಲೂ ಒಂದು ಉಗುರಿನಷ್ಟು ಬಟ್ಟೆ ಮಾಯ. ತೋಳಿನುದ್ದಕ್ಕೂ ಜೋಡಣೆಗಳೋ ಜೋಡಣೆಗಳು.

ಕಾಜಾ ಅಕ್ಕನ ಮುಖ ಇಳಿದುಹೋಯಿತು.

"ಹಾಗಾದ್ರೆ ತಪ್ಪು ನಮ್ಮದಾ? ಆ ಡ್ರೈವರಪ್ಪನಿಗೆ ನಾನು ಏನೇನು ಅಂದ್ಬಿಟ್ಟೆ..."

"ಗಂಟು ಹುಡುಕೋದು ಬಿಡಿ ಅಕ್ಕ!" ಗುಂಡುಸೂಜಿ ಎದ್ದು ನಿಂತಳು. ಅವಳ ದನಿ ಏರಿತ್ತು, ಕಣ್ಣು ಹೊಳೆಯುತ್ತಿತ್ತು. "ಯಾರ ಬಣ್ಣ, ಯಾರ ದಾರ, ಯಾರನ್ನ ನಿಲ್ಲಿಸಿ ಬೈಯೋದು! ಅವರು ನಮ್ಮ ತಲೇಲಿ ಇಟ್ಟಿದ್ದು ಇದೊಂದೇ. ಸೂಪರ್‌ವೈಸರ್ ಇಲ್ಲದ ಕೋಣೇಲೂ ನಾವೇ ಸೂಪರ್‌ವೈಸರ್ ಆಗಿ ಕೂತಿದ್ದೀವಲ್ಲ. ಹೇಳಿ, ಎರಡು ತುಂಡು ಕೂಡಿಸಬೇಕಾದ್ರೆ ಏನು ಮಾಡ್ತೀವಿ?"

"ಕೂಡೋ ಕಡೆ ಹೆಚ್ಚಿಗೆ ಬಟ್ಟೆ ಬಿಡ್ತೀವಿ."

"ಇಲ್ಲಿ ಬಿಟ್ಟಿಲ್ಲ. ಅಷ್ಟೇ! ಅವನು ನಕ್ಷೆ ಅಂಟಿಸೋನು. ನಕ್ಷೇಲಿ ಒಂದು ಎಳೆ ಹೋದ್ರೆ ರಸ್ತೆ ಸಣ್ಣಗಾಗುತ್ತೆ, ಯಾರಿಗೆ ಗೊತ್ತಾಗುತ್ತೆ? ಕಂಕುಳಲ್ಲಾದ್ರೆ ಕೈಯೇ ಏಳಲ್ಲ. ಅವನಿಗೆ ಇದು ಗೊತ್ತಾಗೋ ಹಾಗೇ ಇರ್ಲಿಲ್ಲ. ನಮಗೆ ಬಿಟ್ಟು ಇನ್ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ!"

ಅವಳು ಬರೆಯಲು ಕುಳಿತಳು. ಹೆಂಗಸರು ಬೆನ್ನ ಹಿಂದೆ ಮುಗಿಬಿದ್ದರು. ಅತ್ತಿಗೆ ಹಾಳೆಗಳ ಪ್ರತಿ ಜೋಡಣೆಯ ಮೇಲೂ ಕೆಂಪು ದಾರ ಎಳೆದಿಟ್ಟು, ಕುರ್ಚಿ ಹತ್ತಿ ಫೋಟೊ ತೆಗೆದಳು. ಎಲ್ಲೆಲ್ಲಿ ಬಟ್ಟೆ ನುಂಗಿಹೋಗಿದೆಯೋ ಅಲ್ಲೆಲ್ಲ ಕೆಂಪು. ಗುಂಡುಸೂಜಿ ಬರೆದಳು:

"ಅಣ್ಣಾ, ಮೊದಲು ಕ್ಷಮೆ. ನಮ್ಮಲ್ಲಿ ಒಳಮಗ್ಗುಲಿನ ಹೆಸರನ್ನು ಬೈಯಲು ಮಾತ್ರ ಓದುತ್ತಾರೆ. ನಾನು ಹೊಗಳಲು ಬರೆದಿದ್ದೆ. ನಿಮ್ಮ ತಂತ್ರಾಂಶ ಸಿಕ್ಕ ದಿನ ನಾನು ಈ ಕೋಣೆಯಲ್ಲಿ ಕುಣಿದಿದ್ದೆ, ಕೆಳಗಿನ ಸೈಕಲ್ ಅಂಗಡಿಯವನು ಸಾಕ್ಷಿ. ಏನು ಕೆಟ್ಟಿದೆ ಎಂದು ಕೇಳಿದ್ದಿರಿ. ಫೋಟೊ ನೋಡಿ. ಕೂಡಿಸುವ ಕಡೆ ಪ್ರತಿ ಹಾಳೆಯಲ್ಲೂ ಒಂದು ಪಟ್ಟಿ ಹೆಚ್ಚಿಗೆ ಬಿಡಿ, ಪಕ್ಕದ ಹಾಳೆಯ ಗೆರೆ ಇದರ ಮೇಲೂ ಬರಲಿ, ಎಲ್ಲಿಗೆ ಅಂಟಿಸಬೇಕೆಂದು ಒಂದು ಗುರುತು ಹಾಕಿ. ಬಟ್ಟೆಯಲ್ಲಿ ನಾವು ಹಾಗೇ ಮಾಡುತ್ತೇವೆ. ಮುಚ್ಚಬೇಡಿ. ನಾವು ಪರೀಕ್ಷೆ ಮಾಡಿ ಕೊಡುತ್ತೇವೆ, ಇಲ್ಲಿ ಎಷ್ಟು ತೋಳು ಬೇಕಾದರೂ ಇವೆ."

"ತುಕ್ಕಿನ ಮಾತು ವಾಪಸ್ ತಗೊಂಡೆ ಅಂತ ಬರಿ," ಎಂದಳು ಕಾಜಾ ಅಕ್ಕ.

"ಬರೆದೆ."

"ಕಾಜಾ ಹೊಲಿಯೋಳು ಅಂತ ಹಾಕು. ಯಾರು ಅಂತ ಗೊತ್ತಾಗ್ಲಿ."

ಯಂತ್ರ ಅದನ್ನು ಅವನ ಭಾಷೆಗೆ ತಿರುಗಿಸಿತು. ಹೆಂಗಸರು ಹಾಳೆ ಮಡಚತೊಡಗಿದರು. ಅಷ್ಟು ದೂರದವನು ಯಾವಾಗ ನೋಡುತ್ತಾನೋ, ನೋಡಿದರೂ ಮನಸ್ಸು ಕರಗುತ್ತದೋ ಇಲ್ಲವೋ. ಅತ್ತಿಗೆ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು, ಕಂಪ್ಯೂಟರು ಟಿಂಗ್ ಎಂದಿತು.

ಅವನಿಗೂ ಅಂದು ರಜೆಯಿರಬೇಕು. "ಕೆಂಪು ದಾರ!" ಎಂದಷ್ಟೇ ಬರೆದಿದ್ದ. ಅದರ ಹಿಂದೆಯೇ ಇನ್ನೊಂದು: "ಇಷ್ಟು ವರ್ಷಗಳಲ್ಲಿ ಇಷ್ಟು ಚೆಂದದ ದೂರು ನನಗೆ ಬಂದೇ ಇಲ್ಲ. ಎದ್ದು ಹೋಗಬೇಡಿ, ಕೂತಿರಿ."

"ಕೂತಿರಿ ಅಂತಾನೆ! ಬಸ್ಸಲ್ಲಿ ಯಾವತ್ತಾದ್ರೂ ಯಾರಾದ್ರೂ ನಮಗೆ ಕೂತಿರಿ ಅಂದಿದ್ದಾರೇನೇ?" ಅತ್ತಿಗೆ ಚಿಲಕ ಬಿಟ್ಟು ಓಡಿ ಬಂದಳು.

ಅವನು ತಿದ್ದಿದ. ಇವರು ನೋಡಿದರು. ಪಟ್ಟಿ ಸಾಲದು ಎಂದರು. ಅವನು ಅಗಲ ಮಾಡಿದ. ಗುರುತು ಕಾಣುವುದಿಲ್ಲ ಎಂದರು. ಅವನು ಪುಟ್ಟ ಗಾಳಿಪಟದ ಆಕಾರದ ಗುರುತು ಹಾಕಿ ಕಳಿಸಿದ. ಕೋಟಿನ ಕಂಕುಳಿನ ತುಂಡನ್ನು ಅವನು ನೋಡಿಕೊಂಡಿದ್ದ! ಗುಂಡುಸೂಜಿ ಕಿರುಚಿದಳು. "ಓಡಿ! ಜೆರಾಕ್ಸ್ ಅಂಗಡಿ ಮುಚ್ತಾನೆ, ಓಡಿ!"

ಅಂಗಡಿಯವನು ಷಟರು ಅರ್ಧ ಇಳಿಸಿದ್ದ. ಅತ್ತಿಗೆ ತನ್ನ ಊಟದ ಡಬ್ಬಿಯ ಚೀಲವನ್ನು ಷಟರಿನ ಕೆಳಗೆ ತಳ್ಳಿ, "ಇಳಿಸಿ ನೋಡೋಣ, ಸ್ಟೀಲ್ ಡಬ್ಬಿ ಇದೆ," ಎಂದಳು. ಬಿಸಿಬಿಸಿ ಹಾಳೆಗಳು ಹೊರಬಂದವು. ಅಲ್ಲಿಂದ ಎರಡು ಬೀದಿಯಾಚೆಯ ಕಾಜಾ ಅಕ್ಕನ ಮನೆಗೆ, ಅವಳ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಬಳಿಗೆ ಮೆರವಣಿಗೆ. ಒಬ್ಬಳು ಅಂಟಿಸಿದಳು, ಒಬ್ಬಳು ಬಟ್ಟೆ ಹಾಸಿದಳು. ಕತ್ತರಿ ಮಾತ್ರ ಯಾರೂ ಮುಟ್ಟಲಿಲ್ಲ. ಎಲ್ಲರೂ ಗುಂಡುಸೂಜಿಯನ್ನು ನೋಡಿದರು.

"ನಾನಲ್ಲ," ಎಂದಳು ಅವಳು. "ಅಕ್ಕ, ನೀವು ಕತ್ತರಿಸಿ."

"ನಾನಾ? ನಾನು ಯಾವತ್ತೂ ಕಟಿಂಗ್..."

"ನಿಮ್ಮ ಕೋಟು. ನಿಮ್ಮ ಕೈ."

ಕಾಜಾ ಅಕ್ಕ ಉಸಿರು ಬಿಗಿಹಿಡಿದು ಕತ್ತರಿ ನಡೆಸಿದಳು. ಕತ್ತರಿಗೆ ಹೊಲಿಯುವ ಕೈ ಯಾವುದು, ಕತ್ತರಿಸುವ ಕೈ ಯಾವುದು ಎಂಬ ವ್ಯತ್ಯಾಸ ತಿಳಿದಂತೆ ಕಾಣಲಿಲ್ಲ, ಸರಸರನೆ ಹೋಯಿತು. ಹೊಲಿಗೆ ಅವಳದೇ ಕೆಲಸ, ಅದು ಹೇಳಬೇಕಾಗಿಲ್ಲ. ಕಾಜಾ, ಗುಂಡಿ ಬಿಟ್ಟು ಕೋಟು ಆದೊಡನೆ ತೊಟ್ಟುಕೊಂಡು ನಡುಮನೆಯಲ್ಲಿ ನಿಂತಳು. ತೋಳು ಮಣಿಕಟ್ಟಿಗೆ ಬಂದು ಸರಿಯಾಗಿ ಕೂತಿತು. ಮೆಲ್ಲಗೆ ಕೈ ಎತ್ತಿದಳು. ಭುಜದವರೆಗೆ. ಕಿವಿಯವರೆಗೆ. ಕೊನೆಗೆ ದೀಪದ ಬುರುಡೆ ಮುಟ್ಟುವಷ್ಟು ಮೇಲಕ್ಕೆ. ಎಲ್ಲರ ಕಣ್ಣೂ ಕೋಟಿನ ಕೆಳಗಿನ ಅಂಚಿನ ಮೇಲಿತ್ತು. ಅದು ಅಲುಗಲಿಲ್ಲ.

ಬೀದಿಗೆಲ್ಲ ಕೇಳುವಂತೆ ಕೂಗಿದರು. ಆ ಕೂಗಿನಲ್ಲಿ ಸಂತೋಷವೆಷ್ಟು, ಸಿಟ್ಟೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕೈ ಎತ್ತುವಷ್ಟು ಬಟ್ಟೆಗಾಗಿ ಮನುಷ್ಯರು ಇಷ್ಟೆಲ್ಲ ಪಾಡುಪಡಬೇಕಾದ ಲೋಕ ಇದು. ಆದರೂ ಅವತ್ತು ಕೈ ಎದ್ದಿತ್ತು.

ಗಿಡ್ಡ ಕೋಟು ಮರುದಿನವೂ ಕಟಿಂಗ್ ಕೋಣೆಯ ಬಾಗಿಲಲ್ಲಿ ನೇತಾಡಿತು. ಅದರ ಮುಂದೆ ಹಾದುಹೋದ ಕಾಜಾ ಅಕ್ಕ ಮೇಲಿನ ಕೊಕ್ಕೆಯವರೆಗೆ ಕೈ ಚಾಚಿ, ಅದನ್ನು ತೆಗೆದು, ಮಡಚಿ, "ಬಿ‍ಡಿ ಮಾಸ್ಟ್ರೇ, ತೋಳಿಗೂ ಕಂಕುಳಿಗೂ ತುಂಡು ಹಾಕಿ ಸರಿ ಮಾಡ್ತೀನಿ," ಎಂದಳು. ಮಾಸ್ಟರ್ ಖಾಲಿ ಕೊಕ್ಕೆ ನೋಡಿ ಸೊಂಟದ ಕೀಲಿ ಮುಟ್ಟಿಕೊಂಡ. ಹಳೆಯ ಪ್ಯಾಟರ್ನ್ ಕೇಳಲು ಹೋಗಿದ್ದ ಇಬ್ಬರು ಊಟದ ಬಿಡುವಿನಲ್ಲಿ ಗುಂಡುಸೂಜಿಯ ಹತ್ತಿರ ಬಂದು ಕುಳಿತರು, ಡಬ್ಬಿ ತೆರೆದರು, ತಲೆ ಎತ್ತದೆ "ಹೊಸ ಹಾಳೆ ಎಲ್ಲಿ ಸಿಗುತ್ತೆ?" ಎಂದು ಕೇಳಿದರು.

ಬಸ್ಸಿನವನು ತಿದ್ದಿದ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟ. ಮುಚ್ಚುವ ಮಾತನ್ನು ಹಲಗೆಯಿಂದ ಅಳಿಸಿದ್ದ. ಮುಂದಿನ ಭಾನುವಾರ ಹೆಂಗಸರು ಪುಸ್ತಕ ತೆಗೆಯುವ ಮೊದಲೇ ಅವನ ಹಲಗೆ ತೆಗೆದರು. ಕೆಳಗೆ ಗುರುತೇ ಇಲ್ಲದ ಯಾರೋ ಅಂಚೆಯವನು ಬರೆದಿದ್ದ: "ನಮ್ಮ ಕಚೇರಿಯ ಗೋಡೆ ನಕ್ಷೆಯಲ್ಲಿ ಹಾಳೆ ಕೂಡುವಲ್ಲಿ ಒಂದು ಓಣಿ ಸದಾ ನುಂಗಿಹೋಗುತ್ತಿತ್ತು. ಹೊಸದಾಗಿ ಸೇರಿದವರು ಆ ಓಣಿಯ ಕಾಗದಗಳನ್ನು ವಾಪಸ್ ತರುತ್ತಿದ್ದರು. ಈ ವಾರ ಓಣಿ ಸಿಕ್ಕಿತು. ಇದನ್ನು ಕಂಡುಹಿಡಿದವರು ಯಾರು?"

ಗುಂಡುಸೂಜಿ ಇದನ್ನು ಗಟ್ಟಿಯಾಗಿ ಓದಿದಳು. ಓದಿ ಇನ್ನೊಮ್ಮೆ ಓದಿದಳು.

"ನಾವು ತೋಳಿಗೆ ಬಟ್ಟೆ ಬಿಟ್ಟಿದ್ದಕ್ಕೆ ಯಾರಿಗೋ ಒಂದು ಓಣಿ ಸಿಕ್ತೇನೇ!" ಎಂದಳು ಅತ್ತಿಗೆ. "ಅಲ್ಲಿ ಯಾವಳೋ ಒಬ್ಬಳಿಗೆ ತವರಿಂದ ಕಾಗದ ಬಂದಿರುತ್ತೆ ನೋಡು."

"ಅದೆಲ್ಲ ಇರ್ಲಿ," ಕಾಜಾ ಅಕ್ಕ ಮುಂದೆ ನುಗ್ಗಿದಳು. "ಆ ಡ್ರೈವರಪ್ಪ ದಿನವೆಲ್ಲ ಸ್ಟೀರಿಂಗ್ ತಿರುಗಿಸ್ತಾನೆ, ಅವನ ಕಂಕುಳ ಗತಿ ಏನು? ಯಾರಾದ್ರೂ ಕೇಳಿದ್ರಾ? ಅಳತೆ ಕಳಿಸು ಅನ್ನು, ಒಂದು ಕೋಟು ಹೊಲಿದು ಕಳಿಸೋಣ."

ಗುಂಡುಸೂಜಿ ಬರೆದಳು. ಎಲ್ಲರೂ ಪರದೆಯನ್ನೇ ನೋಡುತ್ತ ಕುಳಿತರು. ಉತ್ತರ ಬರುತ್ತಲೇ ಅವಳು ನಕ್ಕು ತಿರುಗಿದಳು.

"ತುಂಬ ತುಂಬ ಥ್ಯಾಂಕ್ಸ್ ಅಂತೆ ಅಕ್ಕ. ಅವನ ಅಳತೆ ಮೀಡಿಯಂ ಅಂತೆ."

"ಮೀಡಿಯಮ್ಮಾ?" ಕಾಜಾ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ಅವನ ಮನೆ ತಣ್ಣಗಿರ್ಲಿ, ಮನುಷ್ಯನೋ ಚಹಾ ಲೋಟವೋ! ಎದೆ, ಭುಜ, ತೋಳು, ಎಲ್ಲ ಟೇಪು ಹಿಡಿದು ಅಳೆದು ಕಳಿಸು ಅಂತ ಬರಿ. ಬೆನ್ನಿನ ಅಳತೆ ತಾನೇ ತಗೊಂಡ್ರೆ ತಪ್ಪಾಗುತ್ತೆ, ಡಿಪೋದಲ್ಲಿ ಯಾರಿಗಾದ್ರೂ ಹಿಡೀಲಿಕ್ಕೆ ಹೇಳು!"